ಶನಿವಾರದ ಕಾರುಗಳು ಹೋಗುವ ಕಡೆ ಮೊದಲು ಏನಿತ್ತು?

ಶನಿವಾರ ಬೆಳಿಗ್ಗೆ ಏಳು ಗಂಟೆ ಹೊತ್ತಿಗೆ ಹಿರೀಸಾವೆ ಹೈವೇ ಪಕ್ಕ, ಎಳನೀರು ರಾಶಿ ಹಾಕಿಕೊಂಡವರ ಹತ್ತಿರ ಸುಮ್ಮನೆ ನಿಂತು ನೋಡಿ. ಬೆಂಗಳೂರು ಕಡೆಯಿಂದ ಕಾರುಗಳು ಸಾಲು ಹಿಡಿದು ಬರುತ್ತವೆ. ಮೇಲೆ ಬ್ಯಾಗು, ಹಿಂದೆ ಟೆಂಟು, ಕಿಟಕಿಯಲ್ಲಿ ಹೊರಗೆ ಚಾಚಿದ ಕೈ. ನಡುನಡುವೆ ಟಿಟಿ ಗಾಡಿಗಳು, ಹತ್ತು ಹನ್ನೆರಡು ಬೈಕುಗಳ ಗುಂಪು. ಎಳನೀರು ಕುಡಿಯಲು ನಿಂತವರನ್ನು ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ. ಸಕಲೇಶಪುರ, ಬಿಸಿಲೆ, ಮೂಡಿಗೆರೆ, ಇಲ್ಲಾಂದ್ರೆ ಕುಮಾರ ಪರ್ವತ. ಭಾನುವಾರ ಸಂಜೆ ಅದೇ ಕಾರುಗಳು ಕೆಸರು ಮೆತ್ತಿಕೊಂಡು ವಾಪಸು ಹೋಗುತ್ತವೆ.

ಮೊದಮೊದಲು ಇದು ಪೇಟೆಯವರ ವಿಷಯ ಅಂದುಕೊಂಡಿದ್ದೆವು. ಈಗ ಹಾಗಿಲ್ಲ. ನಮ್ಮ ಹೋಬಳಿಯ ಹುಡುಗರೂ ರಜೆ ಸಿಕ್ಕಿದರೆ ಬೈಕು ಹತ್ತುತ್ತಾರೆ. ಮನೆಯಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿಬರ್ತೀನಿ ಎಂದು ಹೇಳಿ ಮಧ್ಯಾಹ್ನಕ್ಕೆ ಘಾಟಿಯಲ್ಲಿರುತ್ತಾರೆ. ನಾವೂ ಹಾಗೆ ಹೋದವರೇ, ಸುಳ್ಳು ಹೇಳುವುದೇಕೆ. ಹೋಗಿಬಂದ ಮೇಲೆ ಒಂದು ಪ್ರಶ್ನೆ ಉಳಿದುಕೊಂಡಿತು. ಈ ನೋಡುವ ಜಾಗಗಳೆಲ್ಲ ನೋಡುವ ಜಾಗ ಆದದ್ದು ಯಾವಾಗ? ಅದಕ್ಕೂ ಮೊದಲು ಅಲ್ಲಿ ಏನಿತ್ತು?

ಹಳೆಯ ಪುಸ್ತಕ ತಿರುವಿ, ಹಿರಿಯರನ್ನು ಕೇಳಿ ನೋಡಿದಾಗ ನಮಗೆ ಕಂಡದ್ದು ಇಷ್ಟು: ಇವುಗಳಲ್ಲಿ ಬಹುಪಾಲು ಜಾಗಗಳಲ್ಲಿ ಮೊದಲು ಯಾರದೋ ಕೆಲಸ ನಡೆಯುತ್ತಿತ್ತು, ಇಲ್ಲವೇ ಯಾರದೋ ಊರಿತ್ತು. ಆ ಕೆಲಸ ನಿಂತಿತು, ಊರು ಹೋಯಿತು. ಆಮೇಲೆ ಪ್ರವಾಸ ಶುರುವಾಯಿತು.

ಮೊದಲು ನಮ್ಮದೇ ಸಂಗತಿ. ಬಯಲುಸೀಮೆಯ ನಮಗೆ ಕಾಡು ನೋಡಲು ಹೋಗುವ ಅಭ್ಯಾಸ ಇರಲಿಲ್ಲ. ಊರು ಬಿಟ್ಟು ಹೋಗುವುದು ಅಂದರೆ ಜಾತ್ರೆಗೆ. ಸಂಕ್ರಾಂತಿ ಹೊತ್ತಿಗೆ ಬೂಕನಬೆಟ್ಟದ ರಂಗನಾಥಸ್ವಾಮಿ ಜಾತ್ರೆಯಲ್ಲಿ ದನ ಕಟ್ಟಿ, ಅಲ್ಲೇ ಒಲೆ ಹೂಡಿ, ನಾಲ್ಕು ದಿನ ಮಲಗಿ ಎದ್ದು ಬರುವುದೇ ದೊಡ್ಡ ಪ್ರವಾಸ. ಟೆಂಟು, ಕ್ಯಾಂಪ್ ಫೈರ್ ಅಂತ ಈಗ ದುಡ್ಡು ಕೊಟ್ಟು ಮಾಡುವುದನ್ನು ನಮ್ಮ ಅಜ್ಜಂದಿರು ಎತ್ತುಗಳ ಜೊತೆ ಮಾಡುತ್ತಿದ್ದರು.

ಇನ್ನೊಂದು ನಡಿಗೆ. ಶಿವರಾತ್ರಿ ಹತ್ತಿರ ಬಂದಾಗ ಇದೇ ಹೈವೇಯಲ್ಲಿ ಬೆಂಗಳೂರು, ಕುಣಿಗಲ್ ಕಡೆಯಿಂದ ಸಾವಿರಾರು ಜನ ಧರ್ಮಸ್ಥಳಕ್ಕೆ ನಡೆದು ಹೋಗುವುದನ್ನು ನೀವು ನೋಡಿಯೇ ಇರುತ್ತೀರಿ. ಹಾಸನ ದಾಟಿ, ಬೇಲೂರು, ಮೂಡಿಗೆರೆ ಹಾಯ್ದು ಚಾರ್ಮಾಡಿ ಘಾಟಿ ಇಳಿಯುತ್ತಾರೆ. ದಾರಿಯುದ್ದಕ್ಕೂ ನಮ್ಮ ಊರಿನವರೇ ಮಜ್ಜಿಗೆ, ಪಾನಕ, ಅನ್ನ ಕೊಡುತ್ತಾರೆ. ಕಾಲಿಗೆ ಬೊಬ್ಬೆ ಬಂದವರಿಗೆ ಎಣ್ಣೆ ಹಚ್ಚುವವರೂ ಇದ್ದಾರೆ. ಇದನ್ನು ಯಾರೂ ಟ್ರೆಕ್ಕಿಂಗ್ ಎಂದು ಕರೆಯುವುದಿಲ್ಲ. ಆದರೆ ನಮ್ಮ ರಸ್ತೆಯಲ್ಲಿ ಘಾಟಿಯ ಕಡೆಗೆ ಸಾಲಾಗಿ ನಡೆದವರಲ್ಲಿ ಇವರು ಬ್ಯಾಗಿನವರಿಗಿಂತ ಮೊದಲಿನವರು.

ಜಾತ್ರೆ, ದೇವರು ಬಿಟ್ಟರೆ ನಮ್ಮವರು ಮಲೆಯ ಕಡೆ ಮುಖ ಮಾಡುತ್ತಿದ್ದದ್ದು ಹೊಟ್ಟೆಪಾಡಿಗೆ. ನಮ್ಮಲ್ಲೊಬ್ಬನ ತಾತ ರಾಗಿ ಕೊಯ್ಲು, ಒಕ್ಕಣೆ ಮುಗಿದ ಮೇಲೆ ಕಾಫಿ ತೋಟಕ್ಕೆ ಹೋಗುತ್ತಿದ್ದರಂತೆ. ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಟ್ಟು ಹೆಸರು ಬರೆದುಕೊಂಡು ಹೋಗುವುದು, ಆಮೇಲೆ ಗಂಡ ಹೆಂಡತಿ ಮಕ್ಕಳು ಎಲ್ಲರೂ ಹೊರಡುವುದು. ಲೈನ್ ಮನೆಯಲ್ಲಿ ಬಿಡಾರ, ರೈಟರ ಕೂಗಿಗೆ ಏಳುವುದು, ಹಣ್ಣು ಕುಯ್ದು ಅಳತೆ ಕೊಡುವುದು. ತಾತ ಮಲೆನಾಡಿನ ಬಗ್ಗೆ ಹೇಳುತ್ತಿದ್ದದ್ದು ಮೂರೇ ಮಾತು: ಚಳಿ, ಜಿಗಣೆ, ಜ್ವರ. ಮಂಜು ಚೆನ್ನಾಗಿತ್ತು ಎಂದು ಅವರು ಒಂದು ದಿನವೂ ಹೇಳಿದ್ದಿಲ್ಲ.

ಆ ತೋಟಗಳನ್ನು ಕಟ್ಟಿದ ಬಿಳಿಯರ ಮಾತು ಬೇರೆ ಇತ್ತು. ಈಗಿನ ಸಕಲೇಶಪುರ ತಾಲ್ಲೂಕಿಗೆ ಆಗ ಮಂಜರಾಬಾದ್ ಎಂದು ಹೆಸರು. ಟಿಪ್ಪು 1792ರಲ್ಲಿ ಗುಡ್ಡದ ಮೇಲೆ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ ಕೋಟೆಯಿಂದ ಬಂದದ್ದು. ಕರಾವಳಿಯಿಂದ ಘಾಟಿ ಹತ್ತಿ ಬರುವ ದಾರಿಯ ಮೇಲೆ ಕಣ್ಣಿಡುವ ಸಿಪಾಯಿಗಳ ಕೆಲಸದ ಜಾಗ ಅದು. ಈಗ ಡ್ರೋನ್ ಹಾರಿಸಿ ಫೋಟೋ ತೆಗೆಯುವ ಜಾಗ. ಈ ಮಂಜರಾಬಾದಿಗೆ 1856ರಲ್ಲಿ ರಾಬರ್ಟ್ ಎಲಿಯಟ್ ಎನ್ನುವ ಹುಡುಗ ಬಂದು ಕಾಫಿ ತೋಟ ಮಾಡಿದ. ಮೈಸೂರು ಸೀಮೆಯ ಕಾಡಿನಲ್ಲಿ ತೋಟಗಾರನಾಗಿ ಕಂಡದ್ದನ್ನು 1871ರಲ್ಲಿ ಪುಸ್ತಕ ಮಾಡಿದ. 1894ರಲ್ಲಿ ಇನ್ನೊಂದು ಪುಸ್ತಕ ಬರೆದ. ಅದರ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿ ಮೂರೂ ಒಟ್ಟಿಗೆ ಇವೆ. ಬೇಟೆಗೆ ಅವನು ಬಳಸಿದ್ದು 'ಸ್ಪೋರ್ಟ್' ಎನ್ನುವ ಪದ. ಅಂದರೆ ಆಟ. ಹುಲಿ ಹೊಡೆಯುವುದು ದೊರೆಗೆ ಆಟ, ಹುಲಿ ಇರುವ ಪೊದೆಗೆ ಕಲ್ಲು ಹೊಡೆದು ತಮಟೆ ಬಡಿದು ಅದನ್ನು ಎಬ್ಬಿಸುವುದು ಕೂಲಿಯವರಿಗೆ ಕೆಲಸ. ಸಾಹಸ ಪ್ರವಾಸ ಅಂತ ಈಗ ಕರೆಯುವ ವ್ಯವಹಾರ ನಮ್ಮ ಜಿಲ್ಲೆಯಲ್ಲಿ ಶುರುವಾದದ್ದೇ ಹೀಗೆ ಎಂದರೆ ತಪ್ಪಾಗಲಾರದು.

ಮೈಸೂರಿನ ಖೆಡ್ಡಾ ಇದರ ದೊಡ್ಡ ರೂಪ. ಸ್ಯಾಂಡರ್ಸನ್ ಎನ್ನುವ ಅಧಿಕಾರಿ 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಆನೆ ಹಿಂಡನ್ನು ಒಟ್ಟಿಗೆ ಹಿಡಿಯುವ ಖೆಡ್ಡಾವನ್ನು ನಡೆಸಿ ತೋರಿಸಿದ. ಆಮೇಲೆ ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡು, ಕಬಿನಿ ಹೊಳೆ ಅದಕ್ಕೆ ಹೆಸರುವಾಸಿಯಾದವು. ಕಾಡಿನ ಒಳಗಿಂದ ಆನೆಗಳನ್ನು ಅಟ್ಟಿಕೊಂಡು ಬಂದು ಹೊಳೆಗೆ ಇಳಿಸಿ, ಆಚೆ ದಡದಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ದೊಡ್ಡಿಗೆ ನುಗ್ಗಿಸುವುದು. ಬ್ರಿಟಿಷ್ ರಾಜಕುಮಾರರು, ವೈಸರಾಯರು, ಮಹಾರಾಜರ ಅತಿಥಿಗಳು ಕುಳಿತು ನೋಡಲು ಅಟ್ಟಣಿಗೆ ಕಟ್ಟುತ್ತಿದ್ದರು. ಆನೆ ಅಟ್ಟುವವರು, ಹಗ್ಗ ಹಾಕುವವರು, ಮಾವುತರು, ಕಾವಾಡಿಗಳಲ್ಲಿ ಬಹಳ ಮಂದಿ ಜೇನುಕುರುಬರು. ಅವರಿಗೆ ಅದು ಜೀವ ಒತ್ತೆಯಿಟ್ಟು ಮಾಡುವ ಕೆಲಸ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ಹೊಳೆಬಯಲನ್ನು ಹಿನ್ನೀರು ನುಂಗಿತು. ಆ ಹಿನ್ನೀರಿನ ದಡದಲ್ಲೇ, ಹಳೆಯ ಅರಸರ ಬೇಟೆಯ ಬಂಗಲೆ ಇದ್ದ ಕಾರಾಪುರದಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ತನ್ನ ಮೊದಲ ವಸತಿ ತೆರೆಯಿತು. ಸಂಸ್ಥೆ ಹುಟ್ಟಿದ್ದು 1980ರಲ್ಲಿ. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಮೊದಲು ಸ್ವತಃ ಬೇಟೆಗಾರ. ಕೋವಿ ಕೆಳಗಿಟ್ಟು ಜನರಿಗೆ ಪ್ರಾಣಿ ತೋರಿಸುವ ಕೆಲಸಕ್ಕೆ ಬಂದವರು. 2010ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಕರ್ನಾಟಕದಲ್ಲಿ ಈಗ ಸಫಾರಿ ಅಂದರೆ ನಮ್ಮ ಕಣ್ಣಿಗೆ ಬರುವ ಜೀಪು, ದೋಣಿ, ನದಿ ದಡದ ಕೊಠಡಿ ಎಲ್ಲದರ ಮಾದರಿ ಅಲ್ಲಿಂದಲೇ ಬಂದದ್ದು.

ಆ ಖೆಡ್ಡಾದಲ್ಲಿ ಸಿಕ್ಕ ಒಂದು ಆನೆಯ ಹೆಸರು ಮುಂದೆ ಬರುತ್ತದೆ. ಈಗ ನಮ್ಮ ಜಿಲ್ಲೆಯ ರೈಲಿನ ಕತೆಗೆ ಬರೋಣ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಹುಡುಗರು ಹೆಚ್ಚು ಕೇಳುವುದು ಅದನ್ನೇ.

ಹಾಸನದಿಂದ ಮಂಗಳೂರಿಗೆ ರೈಲು ಹಾಕುವ ಕೆಲಸ 1960ರ ದಶಕದಲ್ಲಿ ಶುರುವಾಯಿತು. ಮಂಗಳೂರಿನಲ್ಲಿ ಹೊಸ ಬಂದರು ಆಗುತ್ತಿತ್ತು, ಮೇಲಿನ ಸೀಮೆಯ ಸರಕು ಅಲ್ಲಿಗೆ ಇಳಿಯಬೇಕಿತ್ತು. ಸಕಲೇಶಪುರದ ತನಕ ತೊಂದರೆಯಿಲ್ಲ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್ ಬೆಟ್ಟದ ಮೈಯಲ್ಲಿ ಇಳಿಯಬೇಕು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿತ. ರೈಲಿಗೆ ಇದು ಬಹಳ ಕಡಿದು. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ವರ್ಷದಲ್ಲಿ ನಾಲ್ಕೈದು ತಿಂಗಳು ಬಿಡದೆ ಸುರಿಯುವ ಮಳೆ. ಬಂಡೆ ಸಿಡಿಸಿ, ಮಣ್ಣು ಹೊತ್ತು, ಕಾಡಿನಲ್ಲೇ ಬಿಡಾರ ಹೂಡಿ ಬಹಳ ಊರುಗಳ ಜನ ವರ್ಷಗಟ್ಟಲೆ ದುಡಿದರು. ಮೀಟರ್ ಗೇಜ್ ದಾರಿ ಪೂರ್ತಿ ಮುಗಿದು ರೈಲು ಓಡಿದ್ದು 1979ರಲ್ಲಿ.

ಹದಿನೇಳು ವರ್ಷ ಓಡಿತು. 1996ರಲ್ಲಿ ಬ್ರಾಡ್ ಗೇಜ್ ಮಾಡಬೇಕು ಎಂದು ಘಾಟಿಯಲ್ಲಿ ರೈಲು ನಿಲ್ಲಿಸಿದರು. ಕೆಲಸ ಒಂದೆರಡು ವರ್ಷದಲ್ಲಿ ಮುಗಿಯಲಿಲ್ಲ. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ನಡುವಿನ ಸುಮಾರು ಹತ್ತು ವರ್ಷ ಆ ದಾರಿ ರೈಲಿಲ್ಲದೆ ಬಿದ್ದಿತ್ತು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಗಳು ಬೆಳೆದದ್ದೂ ಇದೇ ಹತ್ತು ವರ್ಷದಲ್ಲಿ. ಶನಿವಾರ, ಭಾನುವಾರ ಎರಡು ದಿನ ರಜೆ ಇರುವ, ಕೈಯಲ್ಲಿ ಸಂಬಳ ಇರುವ ಯುವಕರ ಹೊಸ ವರ್ಗ. ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ದೋಣಿಗಾಲ್‌ನಲ್ಲಿ ಇಳಿದರೆ ಕಂಬಿಯ ದಾರಿ ಅಲ್ಲೇ. ಸುರಂಗದೊಳಗೆ ಟಾರ್ಚ್ ಹಿಡಿದು ಹೋಗುವುದು, ಸೇತುವೆಯ ಸ್ಲೀಪರ್‌ಗಳ ಮೇಲೆ ಹೆಜ್ಜೆ ಎಣಿಸುತ್ತಾ ಕೆಳಗಿನ ಕಣಿವೆ ನೋಡುವುದು, ಸಂಜೆಗೆ ಯಡಕುಮೇರಿಯ ಪಾಳುಬಿದ್ದ ಸ್ಟೇಷನ್ನಿನಲ್ಲಿ ಮಲಗುವುದು. ಮಾರನೆ ದಿನ ಕಾಡಿನಲ್ಲಿ ಕೆಂಪುಹೊಳೆಗೆ ಇಳಿದು ಗುಂಡ್ಯದಲ್ಲಿ ಬಸ್ಸು ಹಿಡಿಯುವುದು. ಗೈಡು ಬೇಡ, ದಾರಿ ತಪ್ಪುವ ಭಯ ಇಲ್ಲ, ಕಂಬಿ ಹಿಡಿದು ಹೋದರೆ ಆಯಿತು. ಇದಕ್ಕೆ 'ಗ್ರೀನ್ ರೂಟ್' ಎಂದು ಹೆಸರು ಬಿತ್ತು. ಬಾಯಿಂದ ಬಾಯಿಗೆ, ಆಮೇಲೆ ಇಂಟರ್ನೆಟ್ಟಿನಲ್ಲಿ ಸುದ್ದಿ ಹರಡಿತು. ಸಕಲೇಶಪುರ ಅಂದರೆ ಟ್ರೆಕ್ಕಿಂಗ್ ಎನ್ನುವ ಮಾತು ಬೆಂಗಳೂರಿನಲ್ಲಿ ಹುಟ್ಟಿದ್ದು ರೈಲು ನಿಂತಿದ್ದ ಆ ದಾರಿಯಿಂದ.

ತೊಂದರೆ ಬಂದದ್ದು ರೈಲು ಮತ್ತೆ ಓಡಲು ಶುರುವಾದ ಮೇಲೆ. ರೈಲು ಬಂತು, ನಡೆಯುವವರು ಮಾತ್ರ ನಿಲ್ಲಲಿಲ್ಲ. ಹಳೆಯ ಬರಹಗಳು ಇಂಟರ್ನೆಟ್ಟಿನಲ್ಲಿ ಹಾಗೇ ಇದ್ದವು. ಓದಿದವರು ದಾರಿ ಖಾಲಿ ಇದೆ ಅಂದುಕೊಂಡೇ ಹೋದರು. ಸೇತುವೆ ಮೇಲೆ ಕಂಬಿಯ ಪಕ್ಕ ನಡೆಯಲು ಜಾಗವಿಲ್ಲ. ಅಲ್ಲಲ್ಲಿ ರೈಲ್ವೆ ಕೆಲಸಗಾರರು ನಿಲ್ಲಲೆಂದು ಮಾಡಿದ ಸಣ್ಣ ಅಟ್ಟಗಳಿವೆ, ಅಷ್ಟೇ. ಸುರಂಗದ ತಿರುವಿನಲ್ಲಿ ಗಾಡಿಯ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ. ಮಳೆಯ ಸದ್ದಿನಲ್ಲಿ ಅದೂ ಕೇಳುವುದಿಲ್ಲ. ಜೀವ ಕಳೆದುಕೊಂಡವರಿದ್ದಾರೆ. ರೈಲ್ವೆಯವರು ಆ ದಾರಿಯಲ್ಲಿ ನಡೆಯುವುದನ್ನು ನಿಷೇಧಿಸಿ ಬೋರ್ಡು ಹಾಕಿದರು, ಹಿಡಿದು ದಂಡ ಹಾಕಿದರು.

ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಕಂಬಿಯ ಮೇಲೆ ಅತಿಕ್ರಮಣ ಮಾಡಿದರೆ ಆರು ತಿಂಗಳ ತನಕ ಜೈಲು, ಇಲ್ಲವೇ ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿ ತಾನೇ ಕಟ್ಟಿದರಾಯಿತು ಎನ್ನುವ ಹುಡುಗರನ್ನು ನಾವು ಬಲ್ಲೆವು. ನಮ್ಮಲ್ಲೇ ಇಬ್ಬರು ಒಮ್ಮೆ ಹೋಗಿ, ಸೇತುವೆಯ ಮೇಲೆ ಅರ್ಧ ದಾರಿಯಲ್ಲಿದ್ದಾಗ ಹಿಂದೆ ಹಾರನ್ ಕೇಳಿ ಅಟ್ಟದ ಕಂಬಿ ತಬ್ಬಿಕೊಂಡು ನಿಂತಿದ್ದರು. ಗೂಡ್ಸ್ ಗಾಡಿ ಪೂರ್ತಿ ದಾಟುವ ತನಕ ಸೇತುವೆ ಅಲ್ಲಾಡುತ್ತಿತ್ತು. ಒಬ್ಬನ ಮೊಬೈಲು ಕಣಿವೆಗೆ ಬಿತ್ತು. ಇದನ್ನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇವೆ, ಮನೆಯವರು ಓದಿದರೆ ಓದಲಿ.

1979ನೇ ಇಸವಿ ಇನ್ನೊಂದು ಕಾರಣಕ್ಕೂ ನಮ್ಮ ಜಿಲ್ಲೆಗೆ ಮುಖ್ಯ. ಘಾಟಿಯಲ್ಲಿ ರೈಲು ಓಡಿದ ವರ್ಷವೇ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ಮುಗಿಯಿತು. ಅದರ ನಾಲೆ ನಮ್ಮ ತಾಲ್ಲೂಕಿನಲ್ಲೇ ಹಾದು, ಬಾಗೂರು ನವಿಲೆ ಸುರಂಗದಲ್ಲಿ ನುಗ್ಗಿ ತುಮಕೂರು ಕಡೆಗೆ ಹೋಗುತ್ತದೆ. ಹಿರೀಸಾವೆ ಹೋಬಳಿಗೆ ಅದರಲ್ಲಿ ಸಿಕ್ಕಿದ್ದೆಷ್ಟು ಅನ್ನುವುದು ಬೇರೆ ಜಗಳ, ಅದನ್ನು ಇನ್ನೊಂದು ದಿನ ಬರೆಯುತ್ತೇವೆ.

ಅಣೆಕಟ್ಟೆಯ ಹಿಂದೆ ಮುಳುಗಿದ ಊರುಗಳಲ್ಲಿ ಹಾಸನ ತಾಲ್ಲೂಕಿನ ಶೆಟ್ಟಿಹಳ್ಳಿಯೂ ಒಂದು. ಅಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚಿದೆ. ಊರಿನ ಜನ ಎದ್ದು ಹೋದರು, ಚರ್ಚ್ ಉಳಿಯಿತು. ಮಳೆಗಾಲದಲ್ಲಿ ಹಿನ್ನೀರು ಏರಿದಾಗ ಅರ್ಧ ಮುಳುಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಬಯಲಾಗುತ್ತದೆ. ಚಾವಣಿಯಿಲ್ಲ, ಕಮಾನು ಇದೆ. ಮದುವೆಗೆ ಮೊದಲಿನ ಫೋಟೋ ತೆಗೆಸುವವರು, ಸಿನಿಮಾದವರು, ರೀಲ್ಸ್ ಮಾಡುವವರು ಬರುತ್ತಲೇ ಇರುತ್ತಾರೆ. ನಾವು ಹೋದ ದಿನ ಒಬ್ಬ ಅಜ್ಜಿ ಬುಟ್ಟಿಯಲ್ಲಿ ಸೌತೆಕಾಯಿ, ಕಡಲೆಕಾಯಿ ಇಟ್ಟುಕೊಂಡು ಕುಳಿತಿದ್ದರು. ಅಜ್ಜಿ, ನಿಮ್ಮೂರು ಯಾವುದು ಅಂದೆವು. ನೀರಿನ ಕಡೆ ಕೈ ತೋರಿಸಿ, "ಅಲ್ಲೇ ಕಣಪ್ಪಾ, ಈಗ ಮೀನಿನ ಊರು" ಎಂದರು. ಹತ್ತು ರೂಪಾಯಿಗೆ ನಾಲ್ಕು ಸೌತೆಕಾಯಿ ಕೊಟ್ಟು ಉಪ್ಪು ಖಾರ ಹಚ್ಚಿದರು. ಅಲ್ಲಿ ಚರ್ಚಿನ ಚರಿತ್ರೆ ಹೇಳಿಕೊಂಡು ಓಡಾಡುವವರು ಬೇರೆ ಇದ್ದರು. ಅಜ್ಜಿಯನ್ನು ಯಾರೂ ಏನೂ ಕೇಳಿದ್ದು ನಾವು ಕಾಣಲಿಲ್ಲ.

ಮುಳುಗಿದ ಊರಿನವರಿಗೆ ಬದಲಿ ಜಮೀನು ಕೊಡಬೇಕಲ್ಲ. ಆಲೂರು, ಸಕಲೇಶಪುರದ ಕಡೆ ಕಾಡಿನ ನೆಲವನ್ನೂ ತೆರವು ಮಾಡಿ ಕೊಟ್ಟರು. ತಪ್ಪು ಆ ಜನರದಲ್ಲ, ಅವರು ಊರು ಕಳೆದುಕೊಂಡು ಬಂದವರು. ಆದರೆ ಆ ಕಾಡಿನಲ್ಲಿ ಆನೆಗಳೂ ಇದ್ದವು. ಇವತ್ತು ಆಲೂರು, ಬೇಲೂರು, ಸಕಲೇಶಪುರದ ಕಾಫಿ ತೋಟದಲ್ಲಿ ಬೆಳಗ್ಗೆ ಕೂಲಿಗೆ ಹೋಗುವವರು ಆನೆ ಎಲ್ಲಿದೆ ಎಂದು ಮೊಬೈಲಿನಲ್ಲಿ ಮೆಸೇಜ್ ನೋಡಿಯೇ ಹೊರಡಬೇಕು. ಸತ್ತವರ ಪಟ್ಟಿಯಲ್ಲಿ ತೋಟದ ಮಾಲೀಕರಿಗಿಂತ ಕೂಲಿಯವರೇ ಹೆಚ್ಚು ಕಾಣುತ್ತಾರೆ. ಕಾರಣ ಸರಳ. ಮಾಲೀಕ ಜೀಪಿನಲ್ಲಿ, ಕೂಲಿಯವರು ನಡೆದು.

ಈಗ ಆ ಆನೆಯ ಹೆಸರು ಹೇಳುವ ಹೊತ್ತು. 1968ರಲ್ಲಿ ಕಾಕನಕೋಟೆ ಖೆಡ್ಡಾದಲ್ಲಿ ಸಿಕ್ಕ ಮರಿ ಆನೆ ಅರ್ಜುನ. ನೀವೆಲ್ಲ ಟಿವಿಯಲ್ಲಿ ನೋಡಿದವನೇ. 2012ರಿಂದ 2019ರ ತನಕ ಎಂಟು ಸಲ ಮೈಸೂರು ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತವನು. ವಯಸ್ಸು ಅರವತ್ತು ದಾಟಿ ಅಂಬಾರಿ ಹೊರುವುದರಿಂದ ಬಿಡುಗಡೆಯಾದ ಮೇಲೂ ಕಾಡಾನೆ ಹಿಡಿಯುವ ಕೆಲಸಕ್ಕೆ ಕರೆತಂದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವಲಯದಲ್ಲಿ, ಮದ ಬಂದಿದ್ದ ಕಾಡಾನೆಯ ಜೊತೆ ಕಾದಾಡುತ್ತಾ ಸತ್ತ. ಅಲ್ಲೇ ಮಣ್ಣು ಮಾಡಿದರು. ಮಾವುತ ಅತ್ತದ್ದನ್ನು ರಾಜ್ಯವೇ ನೋಡಿತು. ಆಮೇಲೆ ಆ ಸಮಾಧಿಯೂ ಒಂದು ನೋಡುವ ಜಾಗವಾಯಿತು. ಜನ ಹೂವು, ಕಬ್ಬು ಇಟ್ಟು ಕೈಮುಗಿಯುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಕೈಮುಗಿಯುವವರ ಭಕ್ತಿಯನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಖೆಡ್ಡಾದ ಅಟ್ಟಣಿಗೆ ಮುಂದೆ ಶುರುವಾದ ಒಂದು ಜೀವದ ಕತೆ ನಮ್ಮ ಜಿಲ್ಲೆಯ ತೋಟದಂಚಿನಲ್ಲಿ ಮುಗಿಯಿತು ಎನ್ನುವುದನ್ನು ಅಲ್ಲಿ ನಿಂತವರು ನೆನೆದರೆ ಒಳ್ಳೆಯದು.

ಹೋಂಸ್ಟೇ ಹೇಗೆ ಬಂತು ಎನ್ನುವುದಕ್ಕೂ ಇಂಥದ್ದೇ ಕಾರಣವಿದೆ. ಕಾಫಿಯ ಬೆಲೆ ಕಾಯಲು ದೇಶದೇಶಗಳು ಮಾಡಿಕೊಂಡಿದ್ದ ಒಪ್ಪಂದ 1989ರಲ್ಲಿ ಮುರಿಯಿತು. 1990ರ ದಶಕದಲ್ಲಿ ಕಾಫಿ ಬೋರ್ಡಿಗೇ ಮಾರಬೇಕು ಎನ್ನುವ ನಿಯಮ ಹಂತಹಂತವಾಗಿ ಹೋಯಿತು. ಕೆಲವು ವರ್ಷ ಒಳ್ಳೆಯ ಬೆಲೆ ಬಂತು. 2000ದ ಆಸುಪಾಸಿನಲ್ಲಿ ಬೆಲೆ ಎಷ್ಟು ಬಿತ್ತು ಎಂದರೆ ಹಣ್ಣು ಕುಯ್ಯುವ ಕೂಲಿಯೂ ಹುಟ್ಟುತ್ತಿರಲಿಲ್ಲ. ತೋಟದವರು ಖಾಲಿ ಇದ್ದ ಕೋಣೆಗೆ ಸುಣ್ಣ ಬಳಿದು ಅತಿಥಿಗಳನ್ನು ಕರೆದರು. ಅಕ್ಕಿ ರೊಟ್ಟಿ, ಕಡುಬು, ಬಿಸಿನೀರಿನ ಹಂಡೆ ಇವೇ ಬಂಡವಾಳ. ಆಮೇಲೆ ಆ ವ್ಯವಹಾರಕ್ಕೆ ದೊಡ್ಡವರೂ ಬಂದರು, ಈಜುಕೊಳ, ಜಿಪ್ ಲೈನು, ಮೈಕು ಬಂದವು. ಕೆಲವು ಕಡೆ ಲೈನ್ ಮನೆಯನ್ನೇ ತಿದ್ದಿ ಕಾಟೇಜು ಮಾಡಿದ್ದನ್ನೂ ನೋಡಿದ್ದೇವೆ. ತಾತ ಮಲಗಿದ್ದಂಥ ಕೋಣೆಯಲ್ಲಿ ಒಂದು ರಾತ್ರಿಗೆ ಈಗ ಕೊಡುವ ದುಡ್ಡು ಕೇಳಿದರೆ ಅವರು ನಗುತ್ತಿದ್ದರೋ ಬೈಯುತ್ತಿದ್ದರೋ ಗೊತ್ತಿಲ್ಲ.

ನಮ್ಮ ಹೋಬಳಿಯವರೂ ಈ ಹೊಸ ಕೆಲಸದಲ್ಲಿ ಇದ್ದಾರೆ. ಟಿಟಿ ಓಡಿಸುವವರು, ಅಡುಗೆಯವರು, ರೂಂ ಗುಡಿಸುವವರು. ಗಾಡಿಯವರು ಹೇಳುವ ಒಂದು ಮಾತು: ಅತಿಥಿಗಳಿಗೆ ರೂಂ ಇರುತ್ತದೆ, ಡ್ರೈವರಿಗೆ ಇರುವುದಿಲ್ಲ. ಬಹಳ ಕಡೆ ಗಾಡಿಯ ಸೀಟಿನಲ್ಲೇ ಮಲಗಬೇಕು. ರಾತ್ರಿ ಸೊಳ್ಳೆ, ಬೆಳಗ್ಗೆ ನಿದ್ದೆಗಣ್ಣಲ್ಲಿ ಘಾಟಿ. ಭಾನುವಾರ ಸಂಜೆಯ ಅಪಘಾತಗಳ ಸುದ್ದಿ ಓದುವಾಗ ನಮಗೆ ಈ ಮಾತು ನೆನಪಾಗುತ್ತದೆ. ಗಾಡಿ ಬುಕ್ ಮಾಡುವವರು ಡ್ರೈವರಿಗೆ ಮಲಗಲು ಜಾಗ ಇದೆಯಾ ಎಂದು ಹೋಂಸ್ಟೇಯವರನ್ನು ಮೊದಲೇ ಕೇಳುವುದು ಕಷ್ಟದ ಕೆಲಸವೇನಲ್ಲ.

ಹೊರದೇಶದ ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇವೆ. ಅಮೆರಿಕ ಖಂಡದ ನಡುವೆ ಕೋಸ್ಟರಿಕಾ ಎನ್ನುವ ಸಣ್ಣ ದೇಶವಿದೆ. ನಮ್ಮ ಹಾಗೇ ಬಿಸಿಲು, ಮಳೆ, ಕಾಫಿ, ಬಾಳೆ. ದನ ಸಾಕಲು, ಬೆಳೆ ಬೆಳೆಯಲು ಕಾಡು ಕಡಿದು ಕಡಿದು 1980ರ ದಶಕದ ಹೊತ್ತಿಗೆ ಬಹುಪಾಲು ಕಾಡು ಹೋಗಿತ್ತು. ಆಮೇಲೆ ಆ ದೇಶ ಕಾಡು ತೋರಿಸಿ ಬದುಕುವ ದಾರಿ ಹಿಡಿಯಿತು. 1996ರಲ್ಲಿ ಕಾನೂನು ಮಾಡಿ, ಮರುವರ್ಷದಿಂದ ಪೆಟ್ರೋಲ್ ಡೀಸೆಲ್ ತೆರಿಗೆಯ ಒಂದು ಪಾಲನ್ನು ಜಮೀನಿನಲ್ಲಿ ಕಾಡು ಉಳಿಸಿಕೊಂಡ ರೈತರಿಗೆ ಕೊಡಲು ಶುರು ಮಾಡಿತು. ಈಗ ದೇಶದ ಅರ್ಧದಷ್ಟು ನೆಲ ಮತ್ತೆ ಹಸಿರಾಗಿದೆ. ಅಲ್ಲೂ ಎಲ್ಲ ಸರಿಯಿದೆ ಎಂದಲ್ಲ. ಆದರೆ ಕಾಡು ನೋಡಲು ಓಡುವ ಕಾರಿನ ಎಣ್ಣೆಯ ದುಡ್ಡು ಕಾಡು ಕಾಯುವವನಿಗೆ ಹೋಗುವ ಒಂದು ದಾರಿ ಅಲ್ಲಿದೆ. ಹಿರೀಸಾವೆ ದಾಟುವ ಕಾರಿನವರು ಟೋಲ್ ಕಟ್ಟುತ್ತಾರೆ, ಅದು ರಸ್ತೆಗೆ. ಶೆಟ್ಟಿಹಳ್ಳಿಯ ಅಜ್ಜಿಗೆ, ಆನೆ ತುಳಿದ ಗದ್ದೆಯವನಿಗೆ ಆ ದುಡ್ಡಿನಲ್ಲಿ ಪಾಲು ಇಲ್ಲ.

ಇಲ್ಲಿ ನಿಯಮ ಬಂದದ್ದು ಇತ್ತೀಚೆಗೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದರು. ಕಾಲುದಾರಿಯಲ್ಲಿ ಸಿನಿಮಾ ಟಿಕೆಟ್ಟಿನ ಸಾಲಿನ ಹಾಗೆ ಜನ ನಿಂತ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎನ್ನುವ ವೆಬ್‌ಸೈಟ್ ತೆರೆದು, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಹೋಗುವ ಹುಡುಗರು ಅದರಲ್ಲೇ ಬುಕ್ ಮಾಡಿ ಹೋಗಿ. ಮನೆಯಲ್ಲಿ ಚನ್ನರಾಯಪಟ್ಟಣ ಎಂದು ಹೇಳಬೇಡಿ, ಹೋಗುವ ಬೆಟ್ಟದ ಹೆಸರೇ ಹೇಳಿ. ಏನಾದರೂ ಆದರೆ ಹುಡುಕುವವರಿಗೆ ಎಲ್ಲಿ ಎಂದಾದರೂ ಗೊತ್ತಿರಲಿ.

ಘಾಟಿಯ ಕಂಬಿ ದಾರಿ ನೋಡಲೇಬೇಕು ಅನ್ನುವವರಿಗೆ ರೈಲಿದೆ. 2017ರಿಂದ ಬೆಂಗಳೂರು ಹಾಸನ ರೈಲು ಕುಣಿಗಲ್, ಶ್ರವಣಬೆಳಗೊಳದ ಮೇಲೆ ನಮ್ಮ ಕಡೆಯೇ ಹೋಗುತ್ತದೆ. ಹಗಲಿನ ಮಂಗಳೂರು ಗಾಡಿಗೆ 2021ರಲ್ಲಿ ಗಾಜಿನ ಚಾವಣಿಯ ಬೋಗಿಯನ್ನೂ ಸೇರಿಸಿದರು. ಅದರ ಟಿಕೆಟ್ ದುಬಾರಿ. ಮಾಮೂಲಿ ಬೋಗಿಯ ಕಿಟಕಿಯಲ್ಲಿ ಕಾಣುವುದೂ ಅದೇ ಘಾಟಿ, ಗಾಳಿ ಮಳೆ ಬೇರೆ ಪುಕ್ಕಟೆ.

ನಾವು ಮೊನ್ನೆ ಮಳೆಗಾಲದಲ್ಲಿ ಹಾಗೇ ಹೋದೆವು. ಸಕಲೇಶಪುರ ದಾಟಿದ ಮೇಲೆ ಗಾಡಿ ನಡೆಯುವ ವೇಗಕ್ಕೆ ಇಳಿಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ತಿಂಗಳುಗಟ್ಟಲೆ ರೈಲು ನಿಂತದ್ದು ಈ ದಾರಿಯಲ್ಲೇ. 2024ರ ಜುಲೈನಲ್ಲಿ ಕಡಗರವಳ್ಳಿ ಮತ್ತು ಯಡಕುಮೇರಿ ನಡುವೆ ಕಂಬಿಯ ಕೆಳಗಿನ ಮಣ್ಣೇ ಜಾರಿ ಹೋಗಿತ್ತು. ಸುರಿಯುವ ಮಳೆಯಲ್ಲಿ ರಾತ್ರಿ ಹಗಲು ಕಲ್ಲಿನ ಗೋಡೆ ಕಟ್ಟಿ ಮತ್ತೆ ಗಾಡಿ ಬಿಟ್ಟರು. ಆ ಜಾಗ ಬಂದಾಗ ಬೋಗಿಯಲ್ಲಿ ಎಲ್ಲರೂ ಮೊಬೈಲು ಹೊರಗೆ ಹಿಡಿದರು.

ಯಡಕುಮೇರಿಗೆ ಸ್ವಲ್ಪ ಮೊದಲು, ಒಂದು ಸುರಂಗದ ಬಾಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಇಬ್ಬರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ತಲೆಯಿಂದ ಮಂಡಿಯ ತನಕ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಸುತ್ತಿದ ಹಸಿರು ಬಾವುಟ, ಹೆಗಲಲ್ಲಿ ಊಟದ ಚೀಲ. ಮಳೆಗಾಲ ಪೂರ್ತಿ ಕಲ್ಲು ಉರುಳಿದೆಯೇ, ಮರ ಬಿದ್ದಿದೆಯೇ ಎಂದು ನೋಡುತ್ತಾ ಗಾಡಿಗೆ ಮುಂಚೆ ಆ ದಾರಿಯನ್ನು ನಡೆದು ಬರುವುದು ಅವರ ಪಾಳಿ. ರಾತ್ರಿಯೂ. ಪಕ್ಕದ ಸೀಟಿನ ಹುಡುಗ ಅವರಿಗೆ ಕೈ ಬೀಸಿದ. ಒಬ್ಬರು ಬಾವುಟ ಹಿಡಿದ ಕೈಯನ್ನೇ ಎತ್ತಿದರು. ಗಾಡಿ ಸುರಂಗದೊಳಗೆ ಹೋಯಿತು.